ಪದದ ಅರ್ಥ, ಕಟ್ಟಿನ ಅರ್ಥ: ಇಂಗ್ಲಿಷ್ ನುಡಿಗಟ್ಟುಗಳು ಮತ್ತು ಕನ್ನಡದ ಗ್ರಹಿಕೆ

ಇಂಗ್ಲಿಷಿನ ‘ಈಡಿಯಂ’ ಎಂಬ ಪದದ ಮೂಲ ಗ್ರೀಕಿನ ‘ಇದಿಯೋಸ್’. ತನ್ನದೇ ಆದ, ಸ್ವಂತದ ಎಂಬುದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ಸಂವಾದಿಯಾಗಿ ‘ನುಡಿಗಟ್ಟು’, ‘ಪಡೆನುಡಿ’ ಎಂಬ ಪದಗಳು ಬಳಕೆಯಲ್ಲಿವೆ. ಗ್ರೀಕ್ ಮೂಲದ ಹೆಸರು ಅಂಥ ಮಾತು ಒಂದು ಭಾಷೆಯ ಸ್ವಂತ ಸೊತ್ತೆಂಬುದನ್ನು ಸೂಚಿಸಿದರೆ, ‘ನುಡಿಗಟ್ಟು’ ಎಂಬ ಹೆಸರು ಅದರಲ್ಲಿನ ಪದಗಳು ಒಂದಕ್ಕೊಂದು ಬಿಗಿದುಕೊಂಡಿರುವುದನ್ನು ಸೂಚಿಸುತ್ತದೆ. ಈ ಎರಡು ಲಕ್ಷಣಗಳೇ ಇಂಗ್ಲಿಷನ್ನು ಕಲಿಯುವ ಮತ್ತು ಅದರಿಂದ ಅನುವಾದಿಸುವ ಕನ್ನಡಿಗರಿಗೆ ತೊಡಕನ್ನು ತಂದೊಡ್ಡುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ವಾಕ್ಯದ ಒಂದೊಂದು ಪದಕ್ಕೂ ನಿಘಂಟಿನಲ್ಲಿ ಅರ್ಥ ಹುಡುಕುತ್ತಾನೆ. ಎಲ್ಲ ಅರ್ಥಗಳೂ ದೊರೆತ ಮೇಲೂ ವಾಕ್ಯ ತಿಳಿಯದಿದ್ದಾಗ ತನ್ನ ಬುದ್ಧಿಯನ್ನೇ ಸಂಶಯಿಸುತ್ತಾನೆ. ದೋಷವಿರುವುದು ಅವನ ಬುದ್ಧಿಯಲ್ಲಲ್ಲ, ಹುಡುಕಿದ ಕ್ರಮದಲ್ಲಿ.

ಈ ಮಾತಿಗೆ ಸರಳವಾದ ನಿದರ್ಶನ ‘ಗಿವ್ ಎ ಹ್ಯಾಂಡ್’. ಪದಶಃ ಇದು ‘ಕೈ ಕೊಡು’. ಇಂಗ್ಲಿಷಿನಲ್ಲಿ ಇದರ ಅರ್ಥ ನೆರವಾಗು ಎಂದು. ಕನ್ನಡದಲ್ಲಾದರೋ ‘ಗೆಳೆಯ ಕೈಕೊಟ್ಟ’, ‘ಈ ವರ್ಷ ಮಳೆ ಕೈಕೊಟ್ಟಿತು’ ಎಂದಾಗ ನಂಬಿದ್ದು ನಡುದಾರಿಯಲ್ಲಿ ಕೈಬಿಟ್ಟಿತು ಎಂದೇ ಅರ್ಥ. ಪದಗಳು ಸಮಾನ, ಅರ್ಥ ವಿರುದ್ಧ. ಪದದ ಅರ್ಥ ಬೇರೆ, ಕಟ್ಟಿನ ಅರ್ಥ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಎಲ್ಲ ಕಟ್ಟುಗಳ ಬಿಗಿಯೂ ಒಂದೇ ತೆರನಾದುದಲ್ಲ. ಜೆಫ್ರಿ ನನ್‌ಬರ್ಗ್, ಐವನ್ ಸ್ಯಾಗ್ ಮತ್ತು ಥಾಮಸ್ ವಾಸೋ ಎಂಬ ಭಾಷಾವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವ್ಯತ್ಯಾಸವನ್ನು ವಿವೇಚಿಸಿದ್ದಾರೆ. ‘ಸ್ಪಿಲ್ ದ ಬೀನ್ಸ್’ ಎಂದರೆ ಗುಟ್ಟನ್ನು ಹೊರಗೆಡಹು. ಇಲ್ಲಿ ಚೆಲ್ಲುವುದು ಹೊರಗೆಡಹುವುದಕ್ಕೂ ಕಾಳುಗಳು ಗುಟ್ಟಿಗೂ ಸಂವಾದಿಯಾಗಿ ನಿಲ್ಲುತ್ತವೆ. ಆದ್ದರಿಂದ ಇದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೂ ಅರ್ಥ ಕೆಡುವುದಿಲ್ಲ. ‘ಕಿಕ್ ದ ಬಕೆಟ್’ ಎಂದರೆ ಸಾಯು. ಇಲ್ಲಿ ಒದೆಯುವುದು ಯಾವುದು, ಬಕೆಟ್ಟು ಯಾವುದು ಎಂದು ಬಿಡಿಸಿ ಹೇಳಲಾಗದು. ಇದನ್ನು ಕರ್ಮಣಿಗೆ ತಿರುಗಿಸಿದೊಡನೆ ಸಾವಿನ ಅರ್ಥ ಹೋಗಿ, ಯಾರೋ ಬಕೆಟ್ಟನ್ನು ಒದ್ದ ಸಂಗತಿ ಮಾತ್ರ ಉಳಿಯುತ್ತದೆ.

ನುಡಿಗಟ್ಟುಗಳು ಇಂದು ಅತಾರ್ಕಿಕವಾಗಿ ಕಂಡರೂ ಅವುಗಳಲ್ಲಿ ಅನೇಕವು ಒಂದು ಜನಸಮುದಾಯದ ದುಡಿಮೆಯಿಂದಲೂ ಓದಿನಿಂದಲೂ ಹುಟ್ಟಿದವು. ದ್ವೀಪವಾಸಿಗಳಾದ ಇಂಗ್ಲಿಷರ ನುಡಿಯಲ್ಲಿ ಹಾಯಿಹಡಗಿನ ಪರಿಭಾಷೆ ಹೇರಳವಾಗಿ ಸೇರಿಹೋಗಿದೆ. ಒಟ್ಟಾರೆಯಾಗಿ ಎಂಬ ಅರ್ಥದ ‘ಬೈ ಅಂಡ್ ಲಾರ್ಜ್’ ಅಂಥದು. ಗಾಳಿಗೆ ಆದಷ್ಟು ಎದುರಾಗಿ ಸಾಗುವುದು ‘ಬೈ’, ಹಿಂದಿನಿಂದ ಬೀಸುವ ಗಾಳಿಯಲ್ಲಿ ಸಾಗುವುದು ‘ಲಾರ್ಜ್’. ಎರಡು ಸ್ಥಿತಿಗಳನ್ನೂ ಒಳಗೊಂಡ ಮಾತು ಸಾರ್ವತ್ರಿಕ ಹೇಳಿಕೆಯಾಯಿತು. ಕುಡಿದು ತೂರಾಡುವವನನ್ನು ಕುರಿತ ‘ತ್ರೀ ಶೀಟ್ಸ್ ಟು ದ ವಿಂಡ್’ ಎಂಬುದರಲ್ಲಿನ ‘ಶೀಟ್’ ಬಟ್ಟೆಯಲ್ಲ, ಹಾಯಿಯ ಕೆಳಮೂಲೆಗೆ ಕಟ್ಟುವ ಹಗ್ಗ. ಅಂಥ ಮೂರು ಹಗ್ಗಗಳು ಸಡಿಲಗೊಂಡರೆ ಹಡಗು ಹಿಡಿತ ತಪ್ಪಿ ಓಲಾಡುತ್ತದೆ.

1611ರಲ್ಲಿ ಪ್ರಕಟವಾದ, ಒಂದನೆಯ ಜೇಮ್ಸ್ ದೊರೆಯ ಹೆಸರಿನಿಂದ ಪ್ರಸಿದ್ಧವಾದ ಬೈಬಲ್ ಅನುವಾದ ಇನ್ನೊಂದು ದೊಡ್ಡ ಆಕರ. ಅತ್ಯಂತ ಪ್ರೀತಿಪಾತ್ರರಾದವರನ್ನು ಹೇಳುವ ‘ದ ಆ್ಯಪಲ್ ಆಫ್ ಒನ್ಸ್ ಐ’ ಎಂಬ ಮಾತು ಅದರ ಮೂಲಕ ಮನೆಮಾತಾಯಿತು. ಇಲ್ಲಿ ‘ಆ್ಯಪಲ್’ ಎಂದರೆ ಕಣ್ಣಿನ ಪಾಪೆ. ಅದು ಹಣ್ಣಿನಂತೆ ದುಂಡಗಿನ ಗಟ್ಟಿ ವಸ್ತುವೆಂದು ಹಿಂದಿನವರು ಭಾವಿಸಿದ್ದರು. ಹೀಬ್ರೂ ಮೂಲದಲ್ಲಿರುವುದು ‘ಈಶೋನ್’ ಎಂಬ ಪದ. ಕಣ್ಣಿನೊಳಗೆ ಪ್ರತಿಬಿಂಬವಾಗಿ ತೋರುವ ಪುಟ್ಟ ಮನುಷ್ಯ ಎಂದು ಅದನ್ನು ವಿವರಿಸುವುದು ರೂಢಿ. ಲ್ಯಾಟಿನ್ನಿನಲ್ಲಿ ಪಾಪೆಯನ್ನು ಹೇಳುವ ‘ಪ್ಯೂಪಿಲ್ಲ’ ಎಂಬ ಪದಕ್ಕೆ ಪುಟ್ಟ ಹುಡುಗಿ, ಬೊಂಬೆ ಎಂಬ ಅರ್ಥಗಳಿವೆ. ಕನ್ನಡದ ‘ಪಾಪೆ’ಗೂ ಬೊಂಬೆ ಎಂಬ ಅರ್ಥವಿರುವುದು ಗಮನಾರ್ಹ. ಹೀಗಿರುವಾಗ ಇಲ್ಲಿಯ ಅನುವಾದಕ ಸೇಬಿನ ಹಣ್ಣನ್ನು ಹುಡುಕಬೇಕಾಗಿಲ್ಲ. ‘ಕಣ್ಮಣಿ’ ಎಂಬ ಮಾತು ಅವನ ಮನೆಯಲ್ಲೇ ಇದೆ.

ಮೂಲವನ್ನು ಅರಿಯದೆ ಪದಕ್ಕೆ ಪದವಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ಪತ್ರಿಕೆಗಳ ‘ಕಪ್ಪು ಕುದುರೆ’ ಉದಾಹರಣೆ. ‘ಡಾರ್ಕ್ ಹಾರ್ಸ್’ ಎಂಬುದು ಕುದುರೆ ಜೂಜಿನ ಮಾತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೆಂಜಮಿನ್ ಡಿಸ್ರೇಲಿ 1831ರಲ್ಲಿ ಪ್ರಕಟಿಸಿದ ‘ದ ಯಂಗ್ ಡ್ಯೂಕ್’ ಕಾದಂಬರಿಯಲ್ಲಿ, ಯಾರ ಗಮನದಲ್ಲೂ ಇಲ್ಲದ ಕುದುರೆಯೊಂದು ಎಲ್ಲವನ್ನೂ ಹಿಂದಿಕ್ಕುವ ಸನ್ನಿವೇಶದಲ್ಲಿ ಈ ಮಾತು ಬಂದಿದೆ. 1844ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಅನಿರೀಕ್ಷಿತವಾಗಿ ಆಯ್ಕೆಯಾಗಿ ಅಧ್ಯಕ್ಷ ಪದವಿಗೇರಿದ ಜೇಮ್ಸ್ ಪೋಕ್ ಅವರನ್ನು ಆ ದೇಶದ ಮೊದಲ ‘ಡಾರ್ಕ್ ಹಾರ್ಸ್’ ಎಂದು ಹೇಳುವುದುಂಟು. ಇಲ್ಲಿ ‘ಡಾರ್ಕ್’ ಎಂಬುದು ಕುದುರೆಯ ಮೈಬಣ್ಣವಲ್ಲ. ಅದರ ಸಾಮರ್ಥ್ಯ ಜನರಿಗೆ ತಿಳಿಯದೆ ಮರೆಯಲ್ಲಿರುವುದು. ಪ್ರತಿಭೆಯನ್ನು ಹೊರಗೆ ತೋರಗೊಡದವರ ವಿಷಯದಲ್ಲಿ ‘ಎಲೆಮರೆಯ ಕಾಯಿ’ ಎಂಬ ಕನ್ನಡದ ಮಾತು ಇದಕ್ಕೆ ಹತ್ತಿರದ್ದು. ಸ್ಪರ್ಧೆಯ ಸಂದರ್ಭದಲ್ಲಿ ‘ಎಣಿಕೆಗೆ ಸಿಗದ ಸ್ಪರ್ಧಿ’ ಎಂದರೆ ಸಾಕು.

‘ಬಿಳಿಯಾನೆ’ಯ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಸಯಾಮಿನಲ್ಲಿ ಬಿಳಿಯಾನೆ ಪವಿತ್ರ. ಅದನ್ನು ದುಡಿಮೆಗೆ ಹಚ್ಚುವಂತಿಲ್ಲ. ಅಲ್ಲಿನ ಅರಸರು ತಮಗಾಗದವರಿಗೆ ಅದನ್ನು ಉಡುಗೊರೆಯಾಗಿ ಕೊಟ್ಟು, ಸಾಕುವ ಖರ್ಚಿನಿಂದಲೇ ಅವರನ್ನು ಹಾಳುಗೆಡವುತ್ತಿದ್ದರೆಂಬ ಕಥೆ ಇಂಗ್ಲಿಷಿನಲ್ಲಿ ಹರಡಿ, ಲಾಭವಿಲ್ಲದ ದುಬಾರಿ ಹೊರೆಗೆ ಆ ಹೆಸರು ನಿಂತಿತು. ಭಾರತೀಯ ಪರಂಪರೆಯಲ್ಲಿ ಇಂದ್ರನ ಐರಾವತ ಬಿಳಿಯಾನೆ. ಬುದ್ಧನ ತಾಯಿ ಮಾಯಾದೇವಿ ಕನಸಿನಲ್ಲಿ ಕಂಡುದೂ ಬಿಳಿಯಾನೆಯನ್ನೇ. ನಷ್ಟದಲ್ಲಿರುವ ಉದ್ಯಮವನ್ನು ‘ಬಿಳಿಯಾನೆ’ ಎಂದು ಕರೆಯುವ ರೂಢಿ ಇಂದು ಕನ್ನಡದಲ್ಲಿ ನೆಲೆಯೂರಿದೆ. ಎರವಲು ಬಂದ ನುಡಿಗಟ್ಟು ನಮ್ಮದೇ ಮಂಗಳಕರ ಪ್ರತಿಮೆಯೊಂದಕ್ಕೆ ಹೀಗೆ ಮತ್ತೊಂದು ಮುಖವನ್ನು ಜೋಡಿಸಿದೆ.

ಮೂಲದ ಶೋಧದಲ್ಲಿ ಎಚ್ಚರವೂ ಅಗತ್ಯ. ಜಡಿಮಳೆಯನ್ನು ಹೇಳುವ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳ ವಿಡಂಬನ ಗ್ರಂಥದಲ್ಲಿದೆ. ಹುಲ್ಲುಮಾಡಿನ ಮೇಲೆ ಮಲಗುತ್ತಿದ್ದ ನಾಯಿಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವೆಂಬ ವಿವರಣೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇ-ಮೇಲ್‌ಗಳ ಮೂಲಕ ಹಬ್ಬಿತು, ಅದಕ್ಕೆ ಆಧಾರವಿಲ್ಲ. ಸೊಗಸಾದ ಕಥೆಯೆಂಬ ಕಾರಣಕ್ಕೆ ವ್ಯುತ್ಪತ್ತಿ ನಿಜವಾಗದು. ಅರ್ಥಕ್ಕಂತೂ ಆ ಕಥೆಯ ಹಂಗಿಲ್ಲ: ‘ಕುಂಭದ್ರೋಣ ಮಳೆ’, ‘ಮುಸಲಧಾರೆ’ ಎಂಬ ಮಾತುಗಳು ಕೊಡ, ಅಳತೆಯ ಪಾತ್ರೆ, ಒನಕೆಗಳಿಂದ ಅದೇ ಮಳೆಯನ್ನು ಸುರಿಸುತ್ತವೆ.

ಅರ್ಥವನ್ನೂ ಮೂಲವನ್ನೂ ಬಲ್ಲವನು ಕೂಡ ಎಡವುವ ಸ್ಥಳ ಒಂದಿದೆ. ಅದು ಸಂದರ್ಭದ ಔಚಿತ್ಯ. ‘ಕಿಕ್ ದ ಬಕೆಟ್’ ಎಂಬುದು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಹೊರತಂದ ಗ್ರಾಮ್ಯಪದಗಳ ಕೋಶದಲ್ಲೇ ಸೇರಿದೆ. ಅದನ್ನು ‘ಶಿವೈಕ್ಯರಾದರು’ ಎಂದೋ ‘ದೈವಾಧೀನರಾದರು’ ಎಂದೋ ಅನುವಾದಿಸಿದರೆ ಸಂಗತಿ ಸರಿ, ದನಿ ತಪ್ಪು. ‘ಗೊಟಕ್ ಅಂದ’ ಎಂಬುದೇ ಅದರ ದನಿ. ಇಂಗ್ಲಿಷಿನ ಈ ಮಾತನ್ನು ಶೋಕಪತ್ರದಲ್ಲಿ ಬಳಸುವ ಕಲಿಕಾರ್ಥಿ, ಅರ್ಥ ತಿಳಿದೂ, ಅರಿಯದೆಯೇ ಮೃತರ ಮನೆಯವರನ್ನು ನೋಯಿಸುತ್ತಾನೆ.

ಈ ಹಿನ್ನೆಲೆಯಲ್ಲಿ, ನುಡಿಗಟ್ಟುಗಳನ್ನು ಪಟ್ಟಿಮಾಡಿ ಎದುರಿಗೊಂದು ಕನ್ನಡ ಅರ್ಥವನ್ನು ಕೊಡುವ ರೂಢಿಯ ಕ್ರಮ ಸಾಲದು. ಅರ್ಥದೊಂದಿಗೆ ಅದು ಹುಟ್ಟಿದ ಬದುಕಿನ ಕ್ಷೇತ್ರ, ಖಚಿತವಾಗಿ ತಿಳಿದಿರುವ ಮಟ್ಟಿಗೆ. ಅದನ್ನು ಯಾರು ಯಾರೊಡನೆ ಆಡಬಹುದೆಂಬ ಸೂಚನೆ. ಅದೇ ದನಿಯ ಕನ್ನಡದ ಮಾತು, ಇದ್ದರೆ. ಈ ಮೂರನ್ನೂ ಒಳಗೊಂಡ ದ್ವಿಭಾಷಾ ಕೋಶಗಳು ಮತ್ತು ಪಠ್ಯಗಳು ಸಿದ್ಧವಾದರೆ ವಿದ್ಯಾರ್ಥಿಯ ಅಳುಕು ಕಡಿಮೆಯಾಗುತ್ತದೆ. ಕನ್ನಡದ ಬರಹಗಾರನಿಗೂ ಪರಭಾಷೆಯ ನುಡಿಗಟ್ಟನ್ನು ಎಲ್ಲಿ ಎರವಲು ತರಬೇಕು, ಎಲ್ಲಿ ತನ್ನ ನುಡಿಯದನ್ನೇ ನಂಬಬೇಕು ಎಂಬ ವಿವೇಕ ಒದಗುತ್ತದೆ.