ಲಿವರ್ ಕಸಿಗೆ ಒಡಹುಟ್ಟಿದವರೇ ಬೇಕೆ?

ಲಿವರ್ ಕಸಿಗಾಗಿ ಮೈಸೂರು ಬಳಿಯ ಇಲವಾಲದವರು ಈಗ ಬೆಂಗಳೂರಿನ ತನಕ ಹೋಗಲೇಬೇಕೆಂದಿಲ್ಲ, ಮೈಸೂರಿನಲ್ಲೇ ಅದು ನಡೆಯುತ್ತದೆ. ಆಸ್ಪತ್ರೆ ಹತ್ತಿರವಾದರೂ ಹಳೆಯ ನಂಬಿಕೆಯೊಂದು ಕದಲಿಲ್ಲ: ಒಡಹುಟ್ಟಿದವರ ಲಿವರ್ ಆದರಷ್ಟೇ ಮೈಗೆ ಒಗ್ಗುತ್ತದೆ, ಹೊರಗಿನವರದ್ದನ್ನು ದೇಹ ತಳ್ಳಿಬಿಡುತ್ತದೆ ಎಂಬುದು. ಇದನ್ನು ನಂಬಿದರೆ, ಕೊಡಲು ಸಿದ್ಧಳಾದ ಹೆಂಡತಿಯನ್ನು ಬದಿಗಿಟ್ಟು ಹಿಂಜರಿಯುವ ತಮ್ಮನ ಬೆನ್ನು ಹತ್ತಬೇಕಾಗುತ್ತದೆ. ಕಿಡ್ನಿ ಕಸಿಯಲ್ಲಿ ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತುಗಳನ್ನು ತಾಳೆ ನೋಡುವುದುಂಟು. ನಂಬಿಕೆ ಬಹುಶಃ ಅಲ್ಲಿಂದ ಬಂದದ್ದು. ಲಿವರ್‌ಗೆ ಮುಖ್ಯವಾಗಿ ಬೇಕಾದದ್ದು ರಕ್ತದ ಗುಂಪಿನ ಹೊಂದಾಣಿಕೆ. ಅದರಲ್ಲೂ ಪಾಸಿಟಿವ್, ನೆಗೆಟಿವ್ ಲೆಕ್ಕಕ್ಕಿಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಅಂಥ ಲಿವರ್ ರಾಜ್ಯದ ಅಂಗಾಂಗ ದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿರುವ ಅಪರಿಚಿತರಿಗೆ ಹೋಗುತ್ತದೆ, ಹೋಗಿ ಕೆಲಸವನ್ನೂ ಮಾಡುತ್ತದೆ.

ಕಿಡ್ನಿಗೆ ಬೇಕಾದ ತಾಳೆ ಲಿವರ್‌ಗೆ ಯಾಕೆ ಬೇಡ? ಕರುಳಿನಿಂದ ಬರುವ ರಕ್ತ ಮೊದಲು ಲಿವರ್ ಹೊಗುತ್ತದೆ. ಆಹಾರದ, ಬ್ಯಾಕ್ಟೀರಿಯಾಗಳ ಪರಕೀಯ ಅಂಶಗಳು ದಿನವೂ ಅದರೊಳಗೆ ಹಾಯುತ್ತವೆ. ಎಲ್ಲದರ ಮೇಲೂ ಯುದ್ಧಕ್ಕೆ ನಿಂತರೆ ಅದು ಉಳಿಯುವುದಿಲ್ಲ, ಹಾಗಾಗಿ ಸಹಿಸುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಕೇಂಬ್ರಿಜ್‌ನ ರಾಯ್ ಕಾಲ್ನ್ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಹಂದಿಗಳು ಯಾವ ಔಷಧವೂ ಇಲ್ಲದೆ ಬೇರೆ ಹಂದಿಯ ಲಿವರ್ ಇಟ್ಟುಕೊಂಡು ಬದುಕಿದ್ದವು. ಮನುಷ್ಯರಿಗೆ ಔಷಧ ಬೇಕೇ ಬೇಕು, ಆದರೆ ಲಿವರ್‌ನ ಸ್ವಭಾವ ಅದೇ.

ತಾಳೆ ಬೇಡವಾದರೆ ದಾನಿಗೆ ವಾರಗಟ್ಟಲೆ ಪರೀಕ್ಷೆ ಯಾಕೆ ಎಂದು ಕೇಳಬಹುದು. ಅಳತೆ ಸಾಕೇ, ಕೊಬ್ಬು ತುಂಬಿದೆಯೇ, ರಕ್ತನಾಳ, ಪಿತ್ತನಾಳಗಳು ಹೇಗೆ ಕವಲೊಡೆದಿವೆ, ಹೆಪಟೈಟಿಸ್ ಇದೆಯೇ ಎಂದು ತಿಳಿಯಲು. ದಾನಿಯ ಲಿವರ್‌ನಿಂದ ಕಸಿಗೆ ತೆಗೆಯುವ ತುಂಡು ರೋಗಿಯ ತೂಕದ ಸುಮಾರು ಶೇ. 0.8ರಷ್ಟಾದರೂ ಇರಬೇಕು, ಅಂದರೆ 60 ಕಿಲೋ ತೂಕದವರಿಗೆ ಅರ್ಧ ಕಿಲೋಗೆ ಸಮೀಪ. ತೀರಾ ಹತ್ತಿರದ ತಾಳೆ ಒಮ್ಮೊಮ್ಮೆ ಅಪಾಯವೂ ಹೌದು. ಲಿವರ್ ಜೊತೆಗೆ ಬರುವ ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಬಿಟ್ಟರೆ, ಅವು ಅಲ್ಲೇ ಬೇರೂರಿ ರೋಗಿಯ ಚರ್ಮ, ಕರುಳು, ಮಜ್ಜೆಯ ಮೇಲೆ ಎರಗುತ್ತವೆ. ಅಪರೂಪ, ಆದರೆ ಬಂದರೆ ಬಹುಪಾಲು ಮಾರಕ. ಮಕ್ಕಳು ಹೆತ್ತವರಿಗೆ ಕೊಡುವಾಗ ಎಚ್‌ಎಲ್‌ಎ ನೋಡುವುದಿದ್ದರೆ ಅದು ಹೆಚ್ಚಾಗಿ ಈ ಭಯಕ್ಕೆ.

ಹಾಗೆಂದು ರಿಜೆಕ್ಷನ್, ಅಂದರೆ ದೇಹ ಹೊಸ ಲಿವರನ್ನು ತಳ್ಳುವುದು, ಸುಳ್ಳಲ್ಲ. ಹತ್ತರಲ್ಲಿ ಎರಡು-ಮೂರು ಮಂದಿಗೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಅದು ಕಾಣಿಸಿಕೊಳ್ಳುತ್ತದೆ. ಹೆಸರು ಕೇಳಿದರೆ ಲಿವರ್ ಹೋಯಿತು ಎಂದೇ ಅನ್ನಿಸುತ್ತದೆ. ನಿಜದಲ್ಲಿ ಸ್ಟೀರಾಯ್ಡ್ ಹೆಚ್ಚಿಸಿದರೆ ಬಹುತೇಕರಲ್ಲಿ ಇಳಿಯುತ್ತದೆ, ಲಿವರ್ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ವರ್ಷಗಳ ನಂತರ ಬರುವ ರಿಜೆಕ್ಷನ್ನೇ ಹಟಮಾರಿ, ಅದಕ್ಕೆ ಮಾತ್ರೆ ತಪ್ಪಿಸುವುದು ದೊಡ್ಡ ಕಾರಣ. ‘ಚೆನ್ನಾಗಿದ್ದೇನಲ್ಲ’ ಎಂದು ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ಮಾತ್ರೆ ಬಿಟ್ಟವರಿಗೆ ಅಣ್ಣನ ಲಿವರ್ ಕೂಡ ಉಳಿಯುವ ಖಾತರಿಯಿಲ್ಲ. ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿ ಕಷಾಯ ಕುಡಿಯುವುದೂ ಇಲ್ಲಿ ತಿರುಗುಬಾಣ, ತಗ್ಗಿಸಬೇಕಾದದ್ದು ಅದೇ ಶಕ್ತಿಯನ್ನು. ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಪ್ರಮಾಣವನ್ನು ರಕ್ತದಲ್ಲಿ ಏರಿಸಿ ಕಿಡ್ನಿಗೆ ಕುತ್ತು ತರಬಲ್ಲದು. ಕಸಿಯಾದವರು ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ, ಒಂದು ಕಷಾಯವನ್ನೂ ಸೇರಿಸಬೇಡಿ.