ನೀರ ಮೇಲಿನ ನೆಲ್ಲಿಯ ನೆಂಟ

ಬೆಟ್ಟದ ನೆಲ್ಲಿ ಮರವೂ ಹಿತ್ತಲಲ್ಲಿ ತಾನಾಗಿ ಹುಟ್ಟುವ ನೆಲನೆಲ್ಲಿಯೂ ಫಿಲಾಂಥಸ್ ಎಂಬ ಒಂದೇ ಕುಲದವು. ನೂರಾರು ಪ್ರಭೇದಗಳಿರುವ ಈ ಕುಲದಲ್ಲಿ ನೆಲದ ಹಂಗನ್ನೇ ತೊರೆದು ನೀರಿನ ಮೇಲೆ ತೇಲಿ ಬದುಕುವುದು ಒಂದೇ ಒಂದು, ದಕ್ಷಿಣ ಅಮೆರಿಕದ ಫಿಲಾಂಥಸ್ ಫ್ಲೂಯಿಟಾನ್ಸ್. ಅಕ್ವೇರಿಯಂ ಹವ್ಯಾಸಿಗಳ ಬಾಯಲ್ಲಿ ಇದು ‘ರೆಡ್ ರೂಟ್ ಫ್ಲೋಟರ್’. ಒಂದೆರಡು ಸೆಂಟಿಮೀಟರ್ ಅಗಲದ ದುಂಡನೆಯ ಎಲೆ, ಕೆಳಗೆ ಇಳಿಬಿದ್ದ ಕೆಂಪು ಬೇರು, ಹದ ಕೂಡಿಬಂದರೆ ಪುಟ್ಟ ಬಿಳಿ ಹೂ. ಜನ ಕೊಳ್ಳುವುದು ಈ ಚೆಲುವಿಗಾಗಿಯೇ. ಆದರೆ ತೊಟ್ಟಿಯಲ್ಲಿ ನಾವು ಅತಿ ಕಡಿಮೆ ಗಮನಿಸುವ ಭಾಗ ನೀರಿನ ಮೇಲ್ಮೈ; ಅದರ ಸ್ಥಿತಿಯನ್ನು ಈ ಗಿಡ ಬಣ್ಣದಲ್ಲೇ ತೋರಿಸಿಕೊಡುತ್ತದೆ ಎಂಬುದು ಇದನ್ನು ಬೆಳೆಸಲು ಇನ್ನೂ ಗಟ್ಟಿಯಾದ ಕಾರಣ.

ಎಲೆಯ ಉಬ್ಬುಗಳ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಗಿಡವನ್ನು ತೇಲಿಸುತ್ತದೆ. ಎಲೆಯ ಮೇಲ್ಭಾಗಕ್ಕೆ ನೀರು ಅಂಟುವುದಿಲ್ಲ. ಆದರೂ ಫಿಲ್ಟರಿನ ಧಾರೆ ಎಲೆಯನ್ನು ಮತ್ತೆ ಮತ್ತೆ ಮುಳುಗಿಸಿದರೆ, ಮುಚ್ಚಳದಿಂದ ಹನಿ ತೊಟ್ಟಿಕ್ಕುತ್ತಲೇ ಇದ್ದರೆ ಅದು ಕೊಳೆಯತೊಡಗುತ್ತದೆ. ಬೆಳಕು ಸಾಲದಿದ್ದರೆ ಹಸಿರಾಗಿಯೇ ಉಳಿಯುತ್ತದೆ, ಪ್ರಖರವಾದರೆ ಕೆಂಪಾಗುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆಯಿದೆ: ಕೆಂಪೆಲ್ಲ ಆರೋಗ್ಯದ ಲಕ್ಷಣವಲ್ಲ. ನೀರಿನಲ್ಲಿ ಸಾರಜನಕ ಕಡಿಮೆಯಾದಾಗಲೂ ಎಲೆ ಕೆಂಪಾಗುತ್ತದೆ. ಕೆಂಪಿನ ಜೊತೆಗೆ ಹೊಸ ಎಲೆಗಳು ಕಿರಿದಾಗುತ್ತ ಬಂದರೆ ಅದು ಹಸಿವೆಂದು ಓದಬೇಕು. ಬರೀ ಬಣ್ಣಕ್ಕಾಗಿ ಗಿಡವನ್ನು ಉಪವಾಸ ಕೆಡಹುವುದು ನನಗಂತೂ ಒಪ್ಪಿಗೆಯಾಗದ ಶೋಕಿ.

ಮೀನಿನ ತ್ಯಾಜ್ಯದಿಂದ ಬಂದ ನೈಟ್ರೇಟ್ ಹೀರಲು ಇನ್ನೊಂದು ತೇಲುಗಿಡವಾದ ಡಕ್‌ವೀಡ್ ಸಾಲದೇ ಎಂದು ಕೇಳಬಹುದು. ಧಾರಾಳವಾಗಿ ಸಾಕು. ತೇಲುಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ನೇರ ಗಾಳಿಯಿಂದಲೇ ಸಿಗುವುದರಿಂದ ಅವೆಲ್ಲ ಬೇಗ ಬೆಳೆದು ಪೋಷಕಾಂಶ ಹೀರುತ್ತವೆ. ಆದರೆ ಡಕ್‌ವೀಡ್ ಹೇಗಿಟ್ಟರೂ ಬೆಳೆಯುತ್ತದೆ, ಹಾಗಾಗಿ ನೀರಿನ ಸ್ಥಿತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಮ್ಮೆ ಸೇರಿಕೊಂಡರೆ ತೆಗೆದು ಮುಗಿಯುವುದೂ ಇಲ್ಲ. ರೆಡ್ ರೂಟ್ ಫ್ಲೋಟರನ್ನಾದರೆ ಕೈಯಿಂದಲೇ ಆರಿಸಿ ತೆಗೆಯಬಹುದು. ತಳದ ಗಿಡಗಳಿಗೆ ನೆರಳಾಗುತ್ತದೆ, ಗಾಳಿಯಾಡುವುದಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೇಲ್ಮೈ ಪೂರ್ತಿ ಮುಚ್ಚಿದರೆ ನೀರಿಗೆ ಆಮ್ಲಜನಕ ಬೆರೆಯುವುದು ಕುಗ್ಗುತ್ತದೆ, ರಾತ್ರಿ ಗಿಡಗಳೂ ಅದನ್ನೇ ಬಳಸುತ್ತವೆ. ಏರ್‌ಪಂಪಿನ ಪೈಪನ್ನು ಬಳೆಯಂತೆ ಕೂಡಿಸಿ ತೇಲಿಬಿಟ್ಟು, ಗಿಡವನ್ನು ಅದರೊಳಗೇ ತಡೆದು ಅರ್ಧದಷ್ಟು ನೀರನ್ನು ತೆರೆದಿಡುವುದು ಸುಲಭದ ದಾರಿ. ನಿಂತ ನೀರನ್ನು ಮೆಚ್ಚುವ ಬೆಟ್ಟಾ, ಗೌರಾಮಿಗಳ ತೊಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. ಗೋಲ್ಡ್‌ಫಿಶ್ ಇದ್ದಲ್ಲಿ ಬೇರು ಉಳಿಯುವ ಭರವಸೆಯಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪ ತೊಟ್ಟಿಯ ಆಚೆಗಿನದು. ನಮ್ಮ ಕೆರೆಗಳನ್ನು ಹೊದ್ದು ಮಲಗಿರುವ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಅಂದದ ಗಿಡವಾಗಿಯೇ ಹೊರಟದ್ದು. ಫಿಲಾಂಥಸ್ ಫ್ಲೂಯಿಟಾನ್ಸ್ 2010ರಲ್ಲಿ ಅಮೆರಿಕದ ಫ್ಲಾರಿಡಾದ ಪೀಸ್ ನದಿಯ ಬಳಿ ಕಾಡುಬಿದ್ದು ಬೆಳೆಯುತ್ತಿದ್ದುದು ಕಂಡುಬಂತು. ತೊಟ್ಟಿಯಲ್ಲಿ ನಾಜೂಕಿನದು, ಹೊರಗೆ ಬಿದ್ದರೆ ಸಾಯುತ್ತದೆ ಎಂಬ ಸಮಾಧಾನ ಅಲ್ಲಿಗೆ ಸುಳ್ಳಾಯಿತು. ಇದು ತುಂಡುತುಂಡಾಗಿಯೇ ಮೈ ಹೆಚ್ಚಿಸಿಕೊಳ್ಳುವ ಗಿಡ. ಹಾಗಾಗಿ ಹೆಚ್ಚಾದದ್ದನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು; ತೊಟ್ಟಿ ತೊಳೆದ ನೀರನ್ನು ಚರಂಡಿಯ ಬದಲು ಕುಂಡದ ಮಣ್ಣಿಗೆ ಸುರಿಯಬೇಕು.