ಸೋಂಕಿನ ಕಾಲದಲ್ಲಿ ದೇವಾರಾಧನೆ

2020ನೆಯ ಇಸವಿಯ ಮಾರ್ಚಿ 25ರಿಂದ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲಾ ಬಾಗಿಲು ಮುಚ್ಚಿಕೊಂಡಾಗ, ಏಪ್ರಿಲ್ 12ರ ಪುನರುತ್ಥಾನದ ಹಬ್ಬವನ್ನು ಮನೆಯೊಳಗೇ ಆಚರಿಸಬೇಕಾದದ್ದು ನಿಮಗೆ ನೆನಪಿರಬಹುದು. ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅಪ್ಪಣೆಯಾಯಿತು. ಆದರೆ ಆರು ಅಡಿ ದೂರವಿರಬೇಕು, ಗುಂಪಾಗಿ ಹಾಡಕೂಡದು ಎಂದು ಸರಕಾರದವರು ವಿಧಿಸಿದರು. ಹಾಡಿಲ್ಲದ ಆರಾಧನೆಯೂ ಆರಾಧನೆಯೇ ಎಂದು ಅನೇಕರು ಮರುಗಿದರು. ನಾವೂ ಮರುಗಿದೆವು. ಇಂಥ ವ್ಯಾಧಿಯು ಮತ್ತೆ ಬಂದೀತಾದಕಾರಣ ಆ ವಿಧಿಯ ಕಾರಣವನ್ನು ತಿಳಿದಿರುವದು ಒಳ್ಳೇದು.

ಅದೇ ವರ್ಷದ ಮಾರ್ಚಿ 10ರಂದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸ್ಕ್ಯಾಗಿಟ್ ಪ್ರಾಂತದಲ್ಲಿ 61 ಜನರು ದೇವಾಲಯಕ್ಕೆ ಸೇರಿದ ಕೋಣೆಯಲ್ಲಿ ಕೂಡಿ ಎರಡೂವರೆ ತಾಸು ಸಂಗೀತವನ್ನು ಅಭ್ಯಾಸಮಾಡಿದರು. ಅವರಲ್ಲಿ ಒಬ್ಬರಿಗೆ ಮಾತ್ರ ನೆಗಡಿಯಂಥ ಲಕ್ಷಣವಿತ್ತು. ಇನ್ನು 52 ಮಂದಿಗೆ ರೋಗವು ತಗಲಿತು, ಇಬ್ಬರು ತೀರಿಕೊಂಡರು. ಸ್ವರವನ್ನು ಏರಿಸಿದಷ್ಟೂ ಉಸಿರಿನೊಡನೆ ಅತಿ ಸೂಕ್ಷ್ಮವಾದ ಹನಿಗಳು ಹೆಚ್ಚಾಗಿ ಹೊರಡುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಹೊಗೆಯಂತೆ ಬಹಳ ಹೊತ್ತು ತೇಲಾಡುತ್ತವೆ. ಆದ್ದರಿಂದ ದೋಷವು ಹಾಡಿನಲ್ಲಿಲ್ಲ, ನಿಂತ ಗಾಳಿಯಲ್ಲಿದೆ.

ಹಿರೇಕೊಟ್ನೆಕಲ್, ಮಾನ್ವಿ ಕಡೆಯವರಾದ ನಮಗೆ ಇಲ್ಲಿಯೇ ತೊಡಕು. ಬೇಸಿಗೆಯಲ್ಲಿ ಝಳವು ಒಳಗೆ ಬಾರದಂತೆ ಕದ ಕಿಟಕಿಗಳನ್ನು ಮುಚ್ಚುವದು ನಮ್ಮ ರೂಢಿ. ಫ್ಯಾನಾದರೋ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವದಿಲ್ಲ. ಸೋಂಕಿನ ದಿನಗಳಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿ ಬೇವಿನ ಮರದ ನೆರಳಿಗೆ ಸಭೆಯನ್ನು ಒಯ್ಯುವದು ಎಲ್ಲಕ್ಕಿಂತ ಉತ್ತಮ. ಅಲ್ಲಿ ದೂರದೂರ ಕುಳಿತು, ಮುಖವಸ್ತ್ರವನ್ನು ಕಟ್ಟಿಕೊಂಡು, ಒಂದೆರಡು ಚರಣಗಳನ್ನು ಮೆಲ್ಲಗೆ ಹಾಡಿದರೆ ಅಪಾಯವು ಬಹಳ ಕಡಿಮೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವದು ಏನೂ ಇಲ್ಲದ್ದಕ್ಕಿಂತ ಮೇಲು. ಆದರೂ ಸಂದಿಲ್ಲದಂತೆ ಕಟ್ಟಿದ ಮುಖವಸ್ತ್ರಕ್ಕೆ ಅದು ಸಮನಲ್ಲ.

ಎಲ್ಲಾ ರೋಗಗಳಿಗೂ ಒಂದೇ ಉಪಾಯವೆಂದು ತಿಳಿಯಬಾರದು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಇಲಿಯ ಚಿಗಟದಿಂದ ಹರಡುವಂಥದು. ವಾಂತಿಭೇದಿಯು ಮುಖ್ಯವಾಗಿ ಕೆಟ್ಟ ನೀರಿನಿಂದ ಬರುವಂಥದು. ಅದು ಊರಲ್ಲಿರುವಾಗ ದೇವಾಲಯದ ಕುಡಿಯುವ ನೀರನ್ನು ಕುದಿಸಿಡಬೇಕು.

ಕರ್ತನ ಭೋಜನದ ಪಾತ್ರೆಯ ವಿಷಯದಲ್ಲಿ ಹಿರಿಯರು ನೊಂದುಕೊಳ್ಳುವದುಂಟು. ಒಂದೇ ಪಾತ್ರೆಯಿಂದ ಕುಡಿಯುವದು ಐಕ್ಯದ ಗುರುತೆಂಬುದು ನಿಜವೇ. ಆದರೂ 1890ರ ದಶಕದಿಂದಲೇ ಅಮೆರಿಕದ ಕೆಲವು ಸಭೆಗಳವರು ಸೋಂಕಿಗೆ ಅಂಜಿ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಬಟ್ಟಲನ್ನು ಕೊಡತೊಡಗಿದರು. ರೊಟ್ಟಿಯನ್ನು ಹಂಚುವವರು ಜನರ ಮುಂದೆಯೇ ಸಾಬೂನಿನಿಂದ ಕೈ ತೊಳೆದರೆ ಸಂಶಯಕ್ಕೆ ಆಸ್ಪದವಿರದು.

ಇವೆಲ್ಲಕ್ಕಿಂತ ಕಠಿಣವಾದದ್ದು, ಜ್ವರವೋ ಕೆಮ್ಮೋ ಇರುವವರು ಮನೆಯಲ್ಲಿ ಉಳಿಯುವದು. ಆದಿತ್ಯವಾರ ತಪ್ಪಿದರೆ ಜನರೇನಂದಾರು ಎಂದು ಅಂಜಿ, ಮೈ ಬಿಸಿಯಾಗಿದ್ದರೂ ಬರುವ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಪಕ್ಕದಲ್ಲಿ ಕೂಡುವವಳು ಬಹುಶಃ ಎಪ್ಪತ್ತು ವರ್ಷದ ಅಜ್ಜಿ. ವ್ಯಾಧಿಯು ಹೆಚ್ಚಾಗಿ ಬಲಿ ತೆಗೆದುಕೊಳ್ಳುವದು ಅಂಥವರನ್ನೇ. ಬಾರದವರನ್ನು ಆಕ್ಷೇಪಿಸದೆ, ಅದೇ ಸಂಜೆ ಅವರ ಅಂಗಳದಲ್ಲಿ ನಿಂತು ಕ್ಷೇಮ ವಿಚಾರಿಸಿ, ಹೊರಗಿನಿಂದಲೇ ಪ್ರಾರ್ಥಿಸಿ ಬರಲು ಹಳೆಯ ವಿದ್ಯಾರ್ಥಿನಿಯರಲ್ಲಿ ಇಬ್ಬಿಬ್ಬರು ಮುಂದಾಗಬಹುದು.